ವಕೀಲರ ಕಾಗದಗಳನ್ನು ಒಣಹಾಕಿದ ದಿನ

ಮಗಳ ಮದುವೆಗೆ ಮುಂಚೆ ನಾನೇ ಹೇಳ್ತೀನಿ ಸ್ವಾಮಿ, ನನ್ನ ಬಾಯಿಂದಲೇ ಹೇಳ್ತೀನಿ ಎಂದು ವಕೀಲರಿಗೆ ಮಾತು ಕೊಟ್ಟದ್ದು ಇದೇ ಹಿತ್ತಲಲ್ಲಿ, ಇದೇ ಚಕ್ಕೋತದ ಗಿಡದ ಪಕ್ಕದಲ್ಲಿ, ಆಗ ಗಿಡ ನನ್ನ ಎದೆಯೆತ್ತರ, ಈಗ ಬಾವಿಯ ಮೇಲೆಲ್ಲ ಅದರದೇ ನೆರಳು — ರಾಟೆ ಕಿರುಗುಡುತ್ತಿದೆ, ಮಂಕರಿ ಮೇಲೆ ಬರುತ್ತಿದೆ, ಕೆಸರು, ಬರೀ ಕೆಸರು, ಯಾ ಅಲ್ಲಾ, ಸಂಜೆಯವರೆಗೂ ಬರೀ ಕೆಸರೇ ಬರಲಿ. ಹೋದ ವರ್ಷ ವಕೀಲರು ತೀರಿಕೊಂಡ ಮೇಲೆ ಈ ಪಾಳುಬಾವಿಗೆ ನಾನೊಂದು ಗಂಟು ಇಳಿಬಿಟ್ಟಿದ್ದೇನೆ, ಕಲ್ಲು ಕಟ್ಟಿ, ಕೆಂಪು ದಫ್ತರದ ಬಟ್ಟೆಯಲ್ಲಿ ಸುತ್ತಿ, ಅದರೊಳಗೆ ಒಂದು ಕಾಗದವಿದೆ, ಆ ಕಾಗದದಲ್ಲಿ ತಾಹಿರಾ ನನ್ನ ಮಗಳಲ್ಲ ಎಂದು ನನ್ನದೇ ಕೈಬರಹದಲ್ಲಿದೆ. ಈ ಬಾವಿಯ ಹೂಳು ಎತ್ತುವವರು ಯಾರಿದ್ದಾರೆ ಎಂದುಕೊಂಡಿದ್ದೆ. ಬೇಸಿಗೆ ಹೀಗೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು, ವಕೀಲರು ಕಟ್ಟಿಸಿದ ಹೆರಿಗೆ ಆಸ್ಪತ್ರೆಯ ಬಾವಿ ಬತ್ತಿಹೋಗಿ, ವಕೀಲರ ಹೆಂಡತಿ ರುಕ್ಮಿಣಮ್ಮನವರು ನಮ್ಮ ಹಿತ್ತಲ ಬಾವಿ ಇದೆಯಲ್ಲ, ಹೂಳು ತೆಗೆಸಿ ಗುಮಾಸ್ತರೇ, ಬಾಣಂತಿಯರಿಗೆ ನೀರಿಲ್ಲ ಅಂದ್ರೆ ಅವರ ಆತ್ಮಕ್ಕೆ ನೆಮ್ಮದಿ ಇರುತ್ತಾ ಎಂದಾಗ ನಾನು ಏನೆನ್ನಬೇಕಿತ್ತು, ಬೇಡ ಎನ್ನಲು ಒಂದು ಕಾರಣ ಹುಡುಕಿದೆ, ಸಿಗಲಿಲ್ಲ, ಆಗಲಿ ಅಮ್ಮ ಎಂದೆ, ಆಳುಗಳನ್ನು ಗೊತ್ತುಮಾಡಿದವನೂ ನಾನೇ.

ಏನ್ಲಾ ಕೊಂಡಪ್ಪ, ಸದ್ದೇ ಇಲ್ಲ, ಪಾತಾಳಕ್ಕೆ ಹೋದ್ಯಾ ಎಂದು ಹಗ್ಗ ಹಿಡಿದ ಚಿಕ್ಕವೆಂಕಟಪ್ಪ ಬಾವಿಯೊಳಗೆ ಕೂಗುತ್ತಾನೆ, ಒಳಗಿನಿಂದ ಕೊಂಡಪ್ಪ, ಹೂಂ ಕಣೋ, ನಿನ್ನ ಮಾವನ ಮನೆ ಸಿಗ್ತು, ಮುದ್ದೆ ಉಂಡ್ಕಂಡು ಬರ್ತೀನಿ, ಎಳೀತಾ ಇರು — ಇವರು ನಗುತ್ತಾರೆ, ನಾನೂ ನಗಬೇಕು, ಕಣ್ಣು ಮಂಕರಿಯ ಮೇಲೆ. ಬೆಳಗಿನಿಂದ ಬಂದದ್ದು ಒಂದು ತಳವಿಲ್ಲದ ಕೊಳಗ, ಯಾವುದೋ ಮಗುವಿನ ಹಿತ್ತಾಳೆ ಗೆಜ್ಜೆ, ಎಡಗಾಲಿನ ಒಂದು ಬೂಟು. ಬೂಟು ಬಂದಾಗ ಎಲ್ಲರಿಗಿಂತ ಮೊದಲು ಎದ್ದು ಬಂದವರು ಅಬ್ದುಲ್ ರಜಾಕ್ ಮಾಸ್ತರರು, ಉರ್ದು ಶಾಲೆಯವರು, ಆಸ್ಪತ್ರೆಯ ಸಮಿತಿಯಲ್ಲಿರುವವರು, ಶುಕ್ರವಾರ ನನ್ನ ಬೀಗರಾಗುವವರು, ಬೂಟಿನ ಅಟ್ಟೆಯನ್ನು ಬೆರಳಿನಿಂದ ಉಜ್ಜಿ ಕನ್ನಡಕ ಏರಿಸಿ ಅದರ ಮೇಲೆ ಒತ್ತಿದ್ದ ಕಂಪನಿಯ ಹೆಸರನ್ನು ಗಟ್ಟಿಯಾಗಿ ಓದಿದರು. ಆ ಮನುಷ್ಯನಿಗೆ ಅಕ್ಷರ ಕಂಡರೆ ಸಾಕು. ಕಡಲೆಕಾಯಿ ಕಟ್ಟಿದ ಪೊಟ್ಟಣ ಬಿಡಿಸಿ ತಲೆಗೂದಲ ಎಣ್ಣೆಯ ಜಾಹೀರಾತು ಓದುತ್ತಾರೆ, ಗೋರಿಯ ಕಲ್ಲು ಓದುತ್ತಾರೆ, ಸಕ್ಕರೆಯ ರೇಷನ್ ಚೀಟಿಯ ಹಿಂಬದಿ ಓದುತ್ತಾರೆ, ಏನ್ ಮಾಡೋದು ಸನಾವುಲ್ಲಾ ಸಾಬ್, ಇದೊಂದು ಕಾಯಿಲೆ, ಕಣ್ಣು ಸುಮ್ನಿರಲ್ಲ, ಎಂದು ನಗುತ್ತಾರೆ. ಒಳ್ಳೆಯವರು. ಒಳ್ಳೆಯವರೆಂದೇ ಭಯ. ಹೋದ ತಿಂಗಳು ಮಾತುಕತೆಗೆ ಬಂದಾಗ ನಮ್ಮ ಮನೆಯ ಚಾಪೆಯ ಮೇಲೆ ಕುಳಿತು, ನಮಗೇನೂ ಬೇಡ, ಒಡವೆ ಬೇಡ, ವರೋಪಚಾರ ಬೇಡ, ಹುಡುಗಿ ಯಾರ ಮಗಳು ಅಂತ ಗೊತ್ತಿದ್ರೆ ಸಾಕು, ಸನಾವುಲ್ಲಾ ಸಾಬ್ ಮಗಳು ಅಂದ್ರೆ ಅಷ್ಟೇ ಸಾಕು ಎಂದರು, ನಾನು ತಲೆ ತಗ್ಗಿಸಿ ಚಹದ ಲೋಟ ಅವರ ಕಡೆ ಸರಿಸಿದೆ, ಚಹ ತಟ್ಟೆಗೆ ಚೆಲ್ಲಿತು, ಸಂತೋಷಕ್ಕೆ ಎಂದುಕೊಂಡರು.

ಯಾರ ಮಗಳು. ಅದನ್ನೇ ವಕೀಲರೂ ಕೇಳುತ್ತಿದ್ದರು, ಮಕ್ಕಳ ಬಗ್ಗೆಯಲ್ಲ, ಚಿತ್ರಗಳ ಬಗ್ಗೆ. ವಕೀಲ ಆದಿನಾರಾಯಣಪ್ಪನವರ ಮನೆಯ ಹಜಾರದಲ್ಲಿ ಗೋಡೆಯೇ ಕಾಣುತ್ತಿರಲಿಲ್ಲ, ಚಿನ್ನದ ರೇಕಿನ ದೇವರ ಪಟಗಳು, ಗಾಜಿನ ಹಿಂದೆ ಬರೆದ ಚಿತ್ರಗಳು, ತೊಗಲುಬೊಂಬೆಗಳು, ಕೇಸು ಗೆದ್ದರೆ ಫೀಸು ಬೇಡ, ಅಟ್ಟದ ಮೇಲೆ ಹಳೆಯ ಪಟ ಏನಾದರೂ ಇದ್ದರೆ ತೋರಿಸಿ ಎನ್ನುವ ವಕೀಲರನ್ನು ಕಂಡು ಹೊಸಕೋಟೆಯ ಕಡೆಯ ಕಕ್ಷಿದಾರರೆಲ್ಲ ನಗುತ್ತಿದ್ದರು. ಒಂದೊಂದು ಪಟ ಬಂದಾಗಲೂ ಅದನ್ನು ಮಗುಚಿ ಹಾಕಿ, ಬರ್ಕೋ ಸನಾವುಲ್ಲಾ ಎನ್ನುತ್ತಿದ್ದರು, ಎಲ್ಲಿಂದ ಬಂತು, ಯಾರ ಮನೆಯದು, ಕೊಡುವಾಗ ಅವರು ಏನು ಹೇಳಿದರು, ಎಲ್ಲಿ ಒಡೆದಿದೆ, ಎಲ್ಲಿ ಬಣ್ಣ ಹೋಗಿದೆ, ಒಂದೂ ಬಿಡಬೇಡ, ಬೆನ್ನ ಮೇಲೆ ಮನೆಯ ವಿಳಾಸವಿಲ್ಲದ ಪಟ ನನ್ನ ಗೋಡೆಗೆ ಬೇಡ. ಅಂಥವರ ಕಣ್ಣೆದುರು ತಾಹಿರಾಳನ್ನು ಹೆತ್ತ ಆ ಹೆಂಗಸು ಸತ್ತಳು. ನಂದಿಯ ಕಡೆಯಿಂದ, ರಸ್ತೆಗೆ ಜಲ್ಲಿ ಒಡೆಯುವ ಗುಂಪಿನಿಂದ, ಯಾರೋ ಗಾಡಿಯಲ್ಲಿ ಹಾಕಿಕೊಂಡು ಬಂದು ಆಸ್ಪತ್ರೆಯ ಜಗುಲಿಯ ಮೇಲೆ ಮಲಗಿಸಿ ಹೋದರು, ಹೆಸರು ಹೇಳುವಷ್ಟು ಉಸಿರೂ ಇರಲಿಲ್ಲ ಅವಳಿಗೆ, ನಾನು ಆಸ್ಪತ್ರೆಯ ಅಕ್ಕಿಯ ಲೆಕ್ಕ ಕೊಡಲು ಹೋಗಿದ್ದವನು ಮಂಚದ ಪಕ್ಕ ಹಾದು ಹೋದೆ, ಅಷ್ಟೇ, ಹಾದು ಹೋದೆ, ಆ ಕೈ ನನ್ನ ಕಪ್ಪು ಕೋಟಿನ ತೋಳು ಹಿಡಿಯಿತು. ಮುಂಗೈ ಮೇಲೆ ಹಚ್ಚೆ, ಹಸಿರು ಗೆರೆಯ ಒಂದು ತೊಟ್ಟಿಲು. ಒಳಗೆ ಮಗು ಅಳುತ್ತಿತ್ತು. ಆ ಕೈ ತಣ್ಣಗಾದ ಮೇಲೂ ಬೆರಳು ಬಿಚ್ಚಲಿಲ್ಲ, ವಕೀಲರು ಕತ್ತರಿ ತರಿಸಿ ನನ್ನ ಕೋಟಿನ ತೋಳನ್ನೇ ಕತ್ತರಿಸಿದರು. ಹಚ್ಚೆ ನೋಡಿ ಒಬ್ಬರು ಈ ಜಾತಿ ಎಂದರು, ಇನ್ನೊಬ್ಬರು ಆ ಜಾತಿ, ಬಟ್ಟೆಯ ಚೂರು ಹಿಡಿದುಕೊಂಡೇ ಮಣ್ಣಿಗೆ ಹೋದಳು. ಸಂಜೆ ಒಂದೇ ತೋಳಿನ ಕೋಟು ಹಾಕಿಕೊಂಡು ಮಗುವನ್ನು ಎತ್ತಿಕೊಂಡು ಮನೆಗೆ ಹೋದೆ, ಹಬೀಬುನ್ನೀಸಾ ಬಾಗಿಲಲ್ಲೇ ನಿಂತು ಕೋಟು ನೋಡಿದಳು, ಮಗು ನೋಡಿದಳು, ಏನೂ ಕೇಳದೆ ಎರಡೂ ಕೈ ಚಾಚಿದಳು, ಮದುವೆಯಾಗಿ ಎಷ್ಟೋ ವರ್ಷ ಖಾಲಿಯಿದ್ದ ಕೈ.

ಅದಾದ ಮೇಲೆ ಒಂದು ಭಾನುವಾರ ವಕೀಲರು ಇಲ್ಲಿ ಗಿಡಕ್ಕೆ ನೀರು ಹಾಕುತ್ತಾ, ಚಿತ್ರಕ್ಕೇ ಬರೀತೀವಲ್ಲ ಸನಾವುಲ್ಲಾ, ಮಗುವಿಗೆ ಬೇಡವಾ ಎಂದರು. ಬರೆದೆವು. ಒಂದು ಬದಿ ನಾನು ಉರ್ದುವಿನಲ್ಲಿ, ಮೇಲೆ ಬಿಸ್ಮಿಲ್ಲಾ, ಕೆಳಗೆ ಈ ಮಗುವನ್ನು ನಾನೂ ನನ್ನ ಹೆಂಡತಿಯೂ ನಮ್ಮದೆಂದು ತೆಗೆದುಕೊಂಡಿದ್ದೇವೆ, ದೊಡ್ಡವಳಾದಾಗ ತಿಳಿಸುತ್ತೇವೆ, ರುಜು. ಹಿಂದೆ ಅವರು ತಮ್ಮ ಕಪ್ಪು ಶಾಯಿಯಲ್ಲಿ, ಪಟದ ಬೆನ್ನ ಮೇಲೆ ಬರೆಯುವ ಹಾಗೆಯೇ, ಏನೇನೋ ಬರೆದರು, ನಾನು ಆಗ ಓದಲಿಲ್ಲ, ಆಮೇಲೂ ಓದಲಿಲ್ಲ, ನನಗೆ ಬೇಕಿರಲಿಲ್ಲ. ಯಾವಾಗ ಹೇಳ್ತೀಯಾ ಎಂದು ವರ್ಷಕ್ಕೊಮ್ಮೆ ಕೇಳುತ್ತಿದ್ದರು. ಹಲ್ಲು ಬೀಳಲಿ ಎಂದೆ, ಕುರಾನ್ ಮುಗಿಸಲಿ ಎಂದೆ, ಪರೀಕ್ಷೆ ಪಾಸಾಗಲಿ ಎಂದೆ, ಅವಳ ಫೀಸು ಕಟ್ಟುತ್ತಿದ್ದವರೂ ಅವರೇ, ಹೇಳದೆ ಇದ್ದೆ. ಹಬೀಬುನ್ನೀಸಾ ಮಾತ್ರ ನೇರ ಹೇಳಿಬಿಟ್ಟಳು, ನನ್ನ ಕಣ್ಣು ಮುಚ್ಚೋವರೆಗೂ ಬೇಡ ಜೀ, ಅವಳು ನನ್ನನ್ನ ಅಮ್ಮೀ ಅನ್ನೋವಾಗ ಒಂದು ಗಳಿಗೆ ತಡೆದ್ರೂ ನಾನು ಸತ್ತ್‌ಹೋಗ್ತೀನಿ. ಅವಳ ಕಣ್ಣು ಮುಚ್ಚಿತು. ಆಗ ಹೇಳಬಹುದಿತ್ತು, ಆದರೆ ಅಮ್ಮನ ಮಯ್ಯತ್ತಿನ ಪಕ್ಕ ಕುಳಿತು ತಾಹಿರಾ, ಅಬ್ಬಾ ಈಗ ನೀವೊಬ್ಬರೇ ನನಗೆ ಎಂದಳು, ಅಂಥ ಮಾತಿನ ಮೇಲೆ ಹೇಗೆ ಹೇಳುವುದು. ಹಗಲು ಕಛೇರಿ, ಸಂಜೆ ವಕೀಲರ ಆಸ್ಪತ್ರೆಯ ಟ್ರಸ್ಟಿನ ಕೆಲಸ, ಬಂದು ಒಲೆ ಹಚ್ಚೋಣವೆಂದರೆ ಅವಳು ಆಗಲೇ ಹಚ್ಚಿರುತ್ತಿದ್ದಳು, ಅಬ್ಬಾ ಕೂತ್ಕೊಳ್ಳಿ, ಕಾಲು ಒತ್ತಲಾ ಎನ್ನುತ್ತಿದ್ದಳು. ವಕೀಲರು ಕೊನೆಯಲ್ಲಿ ಮಾತು ನಿಲ್ಲುವ ಮುಂಚೆ ಪೆಟ್ಟಿಗೆಯ ಬೀಗದಕೈ ಕೊಟ್ಟು, ನನ್ನ ಖಾಸಗಿ ಕಾಗದ ಎಲ್ಲಾ ಸುಟ್ಬಿಡು, ಜನ ನನ್ನ ಹತ್ರ ಅತ್ತಿದ್ದೆಲ್ಲಾ ಅದರಲ್ಲಿದೆ, ಇನ್ನೊಬ್ಬರು ಓದಬಾರದು, ಅವಳದೊಂದನ್ನ ಮಾತ್ರ ಅವಳ ಕೈಗೆ ಕೊಡು ಎಂದರು. ಸುಟ್ಟೆ. ಇದನ್ನೂ ಬೆಂಕಿಯ ತನಕ ಒಯ್ದೆ. ಮೇಲೆ ಬಿಸ್ಮಿಲ್ಲಾ, ನನ್ನದೇ ಕೈಯಲ್ಲಿ, ಎಷ್ಟು ಚೆನ್ನಾಗಿ ಬರೆದಿದ್ದೆ, ಅದನ್ನು ಬೆಂಕಿಗೆ ಹಾಕುವುದು ಹೇಗೆ, ಅಲ್ಲಾನ ಹೆಸರಿರುವ ಕಾಗದವನ್ನು ಸುಡುವುದಿಲ್ಲ, ಕಾಲಿಗೆ ಸಿಗುವಲ್ಲಿ ಬಿಡುವುದಿಲ್ಲ, ಹರಿಯುವ ಹೊಳೆಗೋ ಯಾರೂ ಸೇದದ ಬಾವಿಗೋ ಒಪ್ಪಿಸುತ್ತೇವೆ, ನಮ್ಮ ಅಪ್ಪ ಹಾಗೇ ಮಾಡಿದ್ದು, ಅವರಪ್ಪ ಹಾಗೇ. ಮಸೀದಿಯ ವ್ಯಾಜ್ಯದ ಹಳೆಯ ಅರ್ಜಿಗಳು, ಮಸೀದಿ ನೋಡಿಕೊಳ್ಳುವ ಮುತವಲ್ಲಿಯ ಪತ್ರಗಳು, ಆ ಹೆಸರಿದ್ದ ಕಾಗದಗಳನ್ನೆಲ್ಲ ಆರಿಸಿ ಇದರ ಜೊತೆ ಕಟ್ಟಿದೆ. ಮಗಳಿಗೆ ಮಾಡುವ ಮೋಸವನ್ನು ಅಷ್ಟು ಮರ್ಯಾದೆಯಿಂದ ಕಟ್ಟಿದೆ. ನೀರು ತಿಂದುಹಾಕುತ್ತದೆ ಎಂದುಕೊಂಡೆ, ಕಲ್ಲು ಕಟ್ಟಿದ್ದರಿಂದ ಅದು ನೀರನ್ನು ದಾಟಿ ಜೇಡಿಯೊಳಗೆ ಹೋಗಿ ಕುಳಿತಿರಬೇಕು, ಜೇಡಿ ಯಾವುದನ್ನೂ ತಿನ್ನುವುದಿಲ್ಲ, ಆ ಬೂಟಿನ ದಾರದ ಗಂಟು ಸಹ ಹಾಗೇ ಇದೆ.

ಅಣ್ಣೋ, ಹಗ್ಗ ಗಟ್ಟಿ ಹಿಡ್ಕ, ಏನೋ ಗಂಟು ಸಿಕ್ತು, ಭಾರ ಐತೆ — ಕೊಂಡಪ್ಪನ ಧ್ವನಿ, ಬಾವಿಯ ಒಳಗಿನಿಂದ ಬರುವಾಗ ಯಾರದೋ ಧ್ವನಿಯಂತೆ. ಚಿನ್ನ ಕಣ್ಲಾ, ವಕೀಲ್ರು ಹೂತಿಟ್ಟಿದ್ರು, ನಂಗರ್ಧ ಎಂದು ಚಿಕ್ಕವೆಂಕಟಪ್ಪ ಎಳೆಯುತ್ತಾನೆ, ನಾನು ಬೇಡ ಬಿಡಿ, ಕಲ್ಲಿರಬೇಕು, ಅಲ್ಲೇ ಬಿಡಿ ಎಂದೆನೇ, ಎಂದೆ, ಯಾರೂ ಕೇಳಲಿಲ್ಲ, ರಾಟೆಯ ಸದ್ದು, ಕೆಸರು ತೊಟ್ಟಿಕ್ಕುವ ಗಂಟು, ಕೆಸರಿನ ಕೆಳಗೆ ಕೆಂಪು. ಹಿತ್ತಲ ಬಾಗಿಲಲ್ಲಿ ನಿಂತಿದ್ದ ರುಕ್ಮಿಣಮ್ಮನವರು, ಅಯ್ಯೋ, ಅದು ನಮ್ಮವರ ದಫ್ತರದ ಬಟ್ಟೆ ಅಲ್ವಾ ಎಂದು ಸೆರಗು ಬಾಯಿಗೆ ಇಟ್ಟುಕೊಂಡರು, ಅಂಚು ಹೊಲಿದವರು ಅವರೇ. ಮಾಸ್ತರರು ಆಗಲೇ ಕನ್ನಡಕ ಒರೆಸುತ್ತಿದ್ದಾರೆ. ರುಕ್ಮಿಣಮ್ಮನವರು ಗಂಡನ ಒಂದು ಕಾಗದವೂ ಉಳಿಯಲಿಲ್ಲವಲ್ಲ ಎಂದು ವರ್ಷದಿಂದ ಕೊರಗುತ್ತಿದ್ದವರು, ಎಲ್ಲಾ ಸುಟ್ಬಿಟ್ರಲ್ಲ ಗುಮಾಸ್ತರೇ, ಒಂದು ಸಾಲಾದ್ರೂ ಬೇಡವಿತ್ತಾ ನನಗೆ ಎಂದು ಹಬ್ಬದ ದಿನ ಸಹ ಹೇಳಿದವರು. ಈ ಮಗು ಬಂದ ದಿನದಿಂದ ಅವರಿಗೂ ಎಲ್ಲ ಗೊತ್ತು, ಗೊತ್ತಿದ್ದೂ ಇಷ್ಟು ವರ್ಷ ಬಾಯಿ ಬಿಟ್ಟವರಲ್ಲ, ಆದರೆ ಅದರ ಕಾಗದ ಈ ಗಂಟಿನಲ್ಲಿದೆ ಎಂದು ಗೊತ್ತಿಲ್ಲ, ಹೇಳೋಣ ಎಂದು ಹತ್ತಿರ ಹೋದೆ, ಅಮ್ಮ ಒಂದು ಮಾತು ಎಂದೆ, ಅವರು ನನ್ನನ್ನು ನೋಡಲೇ ಇಲ್ಲ, ಅಡುಗೆಮನೆಯ ಕಡೆ ತಿರುಗಿ ಕೂಗಿದರು, ತಾಹಿರಾ, ಲೇ ತಾಹಿರಾ, ಹಪ್ಪಳದ ಸೀರೆ ತಗೊಂಡು ಬಾರೇ, ಬೇಗ ಬಾ.

ಅವಳು ಬೆಳಗಿನಿಂದ ಇಲ್ಲೇ ಇದ್ದಾಳೆ, ಮದುವೆಯ ಮನೆಗೆ ಹಪ್ಪಳ ನಾನೇ ಮಾಡಿಕೊಡ್ತೀನಿ ಎಂದು ರುಕ್ಮಿಣಮ್ಮನವರು ಕರೆಸಿಕೊಂಡಿದ್ದು, ಹೊರಗೆ ಮಾವನಾಗುವವರು ಇದ್ದಾರೆಂದು ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದಳು, ಕೈಗೆ ಹಿಟ್ಟು ಅಂಟಿದೆ. ಜಗುಲಿಯ ಕಲ್ಲಿನ ಮೇಲೆ ಸೀರೆ ಹಾಸಿದರು. ಗಂಟು ಬಿಚ್ಚಿದ್ದು ನಾನೇ, ನಾನು ಬಿಚ್ಚುತ್ತೇನೆ ಎಂದು ಮುಂದೆ ಬಂದೆ, ಸಿಕ್ಕರೆ ಮಡಿಲಿಗೆ ಜಾರಿಸಬಹುದು, ಬಾಯಿಗೆ ಹಾಕಿಕೊಂಡು ನುಂಗಬಹುದು, ನಾಚಿಕೆಯಿಲ್ಲದೆ ಅದನ್ನೂ ಯೋಚಿಸಿದೆ, ಆದರೆ ಕಾಗದಗಳೆಲ್ಲ ಒಂದಕ್ಕೊಂದು ಅಂಟಿ ಒಂದೇ ಇಟ್ಟಿಗೆ, ಯಾವುದು ಯಾವುದೆಂದು ತಿಳಿಯದು. ಬಿಡಿ ಅಬ್ಬಾ, ಹೀಗೆ ಎಳೆದ್ರೆ ಹರಿದುಬಿಡ್ತೀರಿ ಎಂದು ತಾಹಿರಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡಳು. ಹಪ್ಪಳ ಬಿಡಿಸುವ ಹಾಗೆ, ಅಂಚಿನಿಂದ, ಉಗುರಿನ ತುದಿಯಿಂದ, ಒಂದೊಂದು ಹಾಳೆ ಬಿಡಿಸಿ ಸೀರೆಯ ಮೇಲೆ ಹರಡುತ್ತಾಳೆ. ಬಿಸಿಲು. ಮೊದಲನೆಯದು ಬಿಳಿ. ಎರಡನೆಯದರಲ್ಲಿ ನೀಲಿ ಕಲೆ, ಅಕ್ಷರವಿಲ್ಲ. ಏನಿದೆ ಏನಿದೆ ಎಂದು ಮಾಸ್ತರರು ದೂರದಿಂದಲೇ ಕತ್ತು ಚಾಚಿದರು, ಏನೂ ಇಲ್ಲ, ತೊಳೆದ್ಹೋಗಿದೆ ಎಂದು ರುಕ್ಮಿಣಮ್ಮನವರು ಅಳುವ ಧ್ವನಿಯಲ್ಲಿ ಅಂದರು, ನನ್ನೊಳಗೆ ಏನೋ ಹಾಡಿತು, ನಾಚಿಕೆಗೇಡಿ ಹಾಡು. ನನ್ನ ಶಾಯಿ ದೀಪದ ಮಸಿಯದು, ನಾನೇ ಗೋಂದು ಹಾಕಿ ಕಲಸಿದ್ದು, ನೀರಿಗೆ ನಿಲ್ಲುವುದಿಲ್ಲ, ಅಲ್‌ಹಮ್ದುಲಿಲ್ಲಾ, ನಿಲ್ಲುವುದಿಲ್ಲ. ಅವಳ ಮುಂಗೈ ನೋಡುತ್ತೇನೆ, ತೆಳ್ಳಗೆ, ಹಿಟ್ಟು ಒಣಗಿ ಬಿರುಕು ಬಿಟ್ಟಿದೆ, ಬುಧವಾರ ಇದರ ಮೇಲೆ ಮೆಹೆಂದಿ ಹಾಕುತ್ತಾರೆ — ಆ ಕೈ, ಹಸಿರು ಗೆರೆ, ಕೋಟಿನ ತೋಳು — ಬೇಡ. ಹಾಳೆ. ಇನ್ನೊಂದು ಹಾಳೆ. ಬಿಳಿ. ಶುಕ್ರವಾರ ಖಾಜಿ ಕೇಳುತ್ತಾರೆ, ಸನಾವುಲ್ಲಾರ ಮಗಳು ತಾಹಿರಾ, ಒಪ್ಪಿಗೆಯೇ, ಅವಳು ಹೂಂ ಎನ್ನುತ್ತಾಳೆ, ಅಷ್ಟಾದರೆ ಸಾಕು. ಮದುವೆ ಮುರಿದುಬೀಳುತ್ತದೆಂದು ಭಯ, ಆದರೆ ನಿಜವಾಗಿ ಅದಲ್ಲ, ಮುರಿದರೆ ಮುರಿಯಲಿ, ಇನ್ನೊಬ್ಬ ಹುಡುಗ ಸಿಗುತ್ತಾನೆ. ಹೊಲದಿಂದ ಬರುವವರು ಬಾಗಿಲಲ್ಲಿ ಕಾಲು ತೊಳೆದು ಒಳಗೆ ಬರುತ್ತಾರಲ್ಲ, ಹಾಗೆ ಅವಳು ನಾಳೆ ಅಬ್ಬಾ ಎನ್ನುವ ಮುಂಚೆ ಒಂದು ಗಳಿಗೆ ಹೊಸಿಲಲ್ಲಿ ನಿಲ್ಲುತ್ತಾಳೆ, ನಿಂತು ಯೋಚಿಸಿ ಒಳಗೆ ಬರುತ್ತಾಳೆ, ಅದನ್ನು ನೋಡಿಕೊಂಡು ನಾನು ಹೇಗೆ ಬದುಕುವುದು. ಹಬೀಬುನ್ನೀಸಾ ಜಾಣೆ, ಮೊದಲೇ ಹೋದಳು.

ಅಮ್ಮಾ, ಇದರಲ್ಲಿ ಇದೆ ನೋಡಿ ಎಂದಳು ತಾಹಿರಾ. ಗುಮಾಸ್ತನ ಶಾಯಿ ಹೋಗಿತ್ತು, ವಕೀಲರ ಶಾಯಿ ಹೋಗಿರಲಿಲ್ಲ. ಹಾಳೆಯ ಒಂದು ಬದಿ ಮಸಿ ಹರಡಿದ ಬೂದಿ, ಬಿಸ್ಮಿಲ್ಲಾ ಸಹ ಇಲ್ಲ, ನಾನು ಯಾವುದನ್ನು ಸುಡಲಾರದೆ ಇದನ್ನು ಉಳಿಸಿದೆನೋ ಅದೇ ಇಲ್ಲ, ಮಗುಚಿದರೆ ಕಂದು ಬಣ್ಣಕ್ಕೆ ತಿರುಗಿದ ಆ ಸಣ್ಣ ಬರಹ, ಮೇಲಿನ ಅರ್ಧ ಹರಿದುಹೋಗಿದೆ. ಓದಮ್ಮ, ಓದು, ನನಗೆ ಕಣ್ಣು ಕಾಣ್ತಿಲ್ಲ ಎಂದರು ರುಕ್ಮಿಣಮ್ಮನವರು, ಮಾಸ್ತರರು ಎದ್ದು ಜಗುಲಿಯ ಮೆಟ್ಟಿಲವರೆಗೆ ಬಂದು ಗೌರವಕ್ಕೆ ಅಲ್ಲೇ ನಿಂತರು, ಓದಲಿ ಓದಲಿ, ನಮ್ಮ ಸೊಸೆ ಕನ್ನಡ ಓದೋದನ್ನ ನಾನೂ ಕೇಳ್ತೀನಿ. ಅವಳು ಓದಿದಳು, ಶಾಲೆಯಲ್ಲಿ ಪದ್ಯ ಓದುವ ಹುಡುಗಿಯ ಹಾಗೆ ನಿಧಾನವಾಗಿ, ಎಡಮುಂಗೈಯ ಮೇಲೆ ಹಸಿರು ಹಚ್ಚೆ, ತೊಟ್ಟಿಲ ಆಕಾರ. ಬೆರಳು ಮಡಚಿಕೊಂಡಿವೆ. ಕಪ್ಪು ಬಟ್ಟೆಯ ಚೂರನ್ನು ಹಿಡಿದಿದ್ದಾಳೆ. ಮುಖದಲ್ಲಿ ನೋವಿಲ್ಲ. ಮೂಲ ನಂದಿಯ ಕಡೆ. ಹೆಸರು ತಿಳಿಯಲಿಲ್ಲ, ತಿಳಿಯಬೇಕು — ಆಮೇಲೆ ಹರಿದಿದೆ ಎಂದಳು. ಚಿಕ್ಕವೆಂಕಟಪ್ಪ ರಾಟೆ ನಿಲ್ಲಿಸಿ ಕೇಳುತ್ತಿದ್ದ, ಏನಣ್ಣಾ ನಿಂತೋಯ್ತು ಎಂದು ಬಾವಿಯೊಳಗಿನಿಂದ ಕೊಂಡಪ್ಪ ಕೂಗಿದ. ಹಜಾರದಲ್ಲಿ ಇದಿಲ್ಲವಲ್ಲ, ಎಲ್ಲಾ ಪಟಾನೂ ನಾನು ಒರೆಸಿದ್ದೀನಿ, ಇದನ್ನ ನೋಡೇ ಇಲ್ಲ ಎಂದು ಅವಳು ತಲೆಯೆತ್ತಿದಳು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಬ್ಬಾ, ನೀವಲ್ವಾ ಎಲ್ಲಾ ಬರ್ಕೊಂಡಿದ್ದು, ಇದು ಯಾವ ಚಿತ್ರ?

ರುಕ್ಮಿಣಮ್ಮನವರಿಗೆ ತಿಳಿದುಹೋಯಿತು. ಅಳು ನಿಂತಿತು, ನನ್ನ ಕಡೆ ತಿರುಗಿದರು, ಮೆಲ್ಲಗೆ, ಹೇಳಿ ಗುಮಾಸ್ತರೇ, ಕೇಳ್ತಿದಾಳಲ್ಲ ಮಗು ಎಂದರು, ಆ ಧ್ವನಿಯಲ್ಲಿ ವಕೀಲರೇ ಇದ್ದರು. ಮಾಸ್ತರರು ನಗುತ್ತಾ ನಿಂತಿದ್ದರು, ಒಳ್ಳೆಯವರು. ಬಾಯಿ ತೆರೆದೆ, ಹೇಳಬೇಕೆಂದೇ ತೆರೆದೆ, ಇದಕ್ಕಿಂತ ಸುಲಭವಾದ ಗಳಿಗೆ ಇನ್ನೊಂದು ಬರುವುದಿಲ್ಲ, ಅವಳೇ ಕೇಳಿದ್ದಾಳೆ, ಒಂದೇ ಮಾತು ಸಾಕು, ಅದು ಚಿತ್ರ ಅಲ್ಲ ಬೇಟಿ — ಅಷ್ಟು ಮಾತು ನಾಲಿಗೆಯವರೆಗೆ ಬಂತು, ಗೊತ್ತಿಲ್ಲ ಬೇಟಿ, ಯಾವುದೋ ಹಳೇ ಪಟ, ಯಾವತ್ತೋ ಯಾರಿಗೋ ಕೊಟ್ಬಿಟ್ಟಿರಬೇಕು ಎಂದಿತು ನನ್ನ ಬಾಯಿ. ಅಯ್ಯೋ, ನೋಡಬೇಕಿತ್ತು ಎಂದಳು, ಎಷ್ಟು ಚೆನ್ನಾಗಿದ್ದಿರಬೇಕು ಅಲ್ವಾ ಅಬ್ಬಾ, ಎಂದು ಆ ಹಾಳೆಯನ್ನು ಮಿಕ್ಕ ಬಿಳಿಯ ಹಾಳೆಗಳ ನಡುವೆ ಮಲಗಿಸಿ, ಗಾಳಿಗೆ ಹಾರದಂತೆ ಅದರ ಮೇಲೆ ತನ್ನ ಕೈ ಇಟ್ಟಳು, ಎಡಗೈ, ಬೆರಳು ಮಡಿಸಿ, ಸೀರೆಯ ಅಂಚನ್ನೂ ಸೇರಿಸಿ ಹಿಡಿದು, ರಾಟೆ ಮತ್ತೆ ಕಿರುಗುಟ್ಟಿತು, ಮಂಕರಿ ಬಂತು, ಕೆಸರು, ಆ ಕೈ, ಹಿಟ್ಟು ಬಿರಿದ ಮುಂಗೈ, ಬಟ್ಟೆಯ ಅಂಚು, ಆ ಕೈ.

ಶುಕ್ರವಾರ ನಿಕಾಹ್ ಆಯಿತು. ನಾನು ಹೇಳಲಿಲ್ಲ.